ವ್ಯಸನಮುಕ್ತಿಯ ಅಳತೆಗೋಲು

ಕನ್ನಡದಲ್ಲಿ ‘ವ್ಯಸನ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಬಿಡಲಾರದ ಚಟವೆಂಬುದು ಒಂದು, ದುಃಖವೆಂಬುದು ಇನ್ನೊಂದು. ಚಟಕ್ಕೆ ಸಿಕ್ಕವನು ಚೇತರಿಸಿಕೊಂಡನೇ ಎಂದು ವಿಚಾರಿಸುವಾಗ ನಾವು ಮೊದಲನೆಯ ಅರ್ಥವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತೇವೆ. “ಬಿಟ್ಟಾನೇನು?” ಎಂಬುದೊಂದೇ ನಮ್ಮ ಸೇಡಂ, ಚಿತ್ತಾಪುರಗಳ ಕಡೆಯ ನೆರೆಹೊರೆಯವರ ಪ್ರಶ್ನೆ.

ಅಫೀಮಿನ ವರ್ಗದ ಪದಾರ್ಥಗಳ ವಿಷಯದಲ್ಲಂತೂ ಈ ಪ್ರಶ್ನೆ ಸಾಲದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಿಂದ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಅಫೀಮು, ಹೆರಾಯಿನ್ ಹಾಗೂ ಅದೇ ವರ್ಗದ ನೋವಿನ ಔಷಧಗಳನ್ನು ಅಮಲಿಗಾಗಿ ಬಳಸುತ್ತಿದ್ದವರು ದೇಶದಲ್ಲಿ ಸುಮಾರು 2.26 ಕೋಟಿ. ಇವರೆಲ್ಲರೂ ವ್ಯಸನಿಗಳಲ್ಲ, ಆದರೆ ವ್ಯಸನಿಗಳಾದವರ ಚಿಕಿತ್ಸೆ ನಾಲ್ಕು ದಿನದ ಕೆಲಸವೂ ಅಲ್ಲ.

1965ರಲ್ಲಿ ನ್ಯೂಯಾರ್ಕಿನ ಡೋಲ್ ಮತ್ತು ನೈಸ್ವಾಂಡರ್ ಎಂಬ ವೈದ್ಯರು, ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ದಿನವೂ ಕ್ರಮವಾಗಿ ಕೊಟ್ಟು, ಅವರು ಉದ್ಯೋಗಕ್ಕೂ ವ್ಯಾಸಂಗಕ್ಕೂ ಮರಳಿದುದನ್ನು ತೋರಿಸಿದರು. ಅದೂ, ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಬ್ಯುಪ್ರಿನಾರ್ಫಿನ್ ಎಂಬುದೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವು ಹಂಬಲವನ್ನು ತಗ್ಗಿಸಿ ಬದುಕಿಗೆ ಬಿಡುವು ಕೊಡುತ್ತವೆ. ಆದರೆ ‘ಬಿಟ್ಟಾನೇನು’ ಎಂಬ ಅಳತೆಗೋಲಿಗೆ ಈ ರೋಗಿ ಇನ್ನೂ ವ್ಯಸನಿಯೇ. “ಒಂದು ಬಿಟ್ಟು ಇನ್ನೊಂದು ಹಿಡಿದಾನ” ಎಂಬ ಮಾತಿಗೆ ನಾಚಿ ಅವನು ಔಷಧವನ್ನು ತಟ್ಟನೆ ನಿಲ್ಲಿಸಿದನೆನ್ನಿ. ದೇಹದ ಹಳೆಯ ತಾಳಿಕೆ ಕುಗ್ಗಿರುತ್ತದೆ. ಹಂಬಲ ಮಾತ್ರ ಮರಳುತ್ತದೆ. ಆಗ ಹಿಂದಿನ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಂತೀತು. ತಪ್ಪು ಅಳತೆ ಪ್ರಾಣವನ್ನೇ ತೆಗೆಯಬಲ್ಲದು.

ಹಾಗಾದರೆ ಸರಿಯಾದ ಅಳತೆ ಯಾವುದು? ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು, ವ್ಯಸನವನ್ನು ಸ್ವತಃ ಅನುಭವಿಸಿದವರ ನೆರವಿನಿಂದ ‘ಶ್ಯೂರ್’ ಎಂಬ ಪ್ರಶ್ನಾವಳಿಯೊಂದನ್ನು ರಚಿಸಿ 2016ರಲ್ಲಿ ಪ್ರಕಟಿಸಿದರು. ಅದರಲ್ಲಿ 21 ಅಂಶಗಳಿವೆ. ಮದ್ಯ ಹಾಗೂ ಮಾದಕಗಳ ಬಳಕೆ ಅದರ ಒಂದು ಭಾಗ ಮಾತ್ರ; ತನ್ನ ಆರೈಕೆ, ಇತರರೊಡನೆ ಬಾಂಧವ್ಯ, ವಸತಿ-ವರಮಾನಗಳ ಸ್ಥಿತಿ, ಬಾಳಿನ ಬಗೆಗಿನ ದೃಷ್ಟಿ ಎಂಬ ನಾಲ್ಕು ಭಾಗಗಳು ಬೇರೆ. ಉತ್ತರಿಸುವವನು ವೈದ್ಯನಲ್ಲ, ರೋಗಿಯೇ. ‘ವ್ಯಸನ’ದ ಎರಡನೆಯ ಅರ್ಥಕ್ಕೂ ಇಲ್ಲಿ ಸ್ಥಾನ ದೊರೆತಿದೆ.

ತನ್ನ ಗುಣವನ್ನು ತಾನೇ ಹೇಳಿಕೊಳ್ಳುವವನು ಉತ್ಪ್ರೇಕ್ಷಿಸಲಾರನೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಮೂತ್ರಪರೀಕ್ಷೆಯನ್ನು ಕೈಬಿಡಬೇಕೆಂದು ಯಾರೂ ಹೇಳುವುದಿಲ್ಲ. ಅದು ದೇಹದಲ್ಲಿ ಏನಿದೆಯೆಂದು ಹೇಳೀತು. ಮನುಷ್ಯ ರಾತ್ರಿ ನಿದ್ರಿಸಿದನೇ, ತಾಯಿಯೊಡನೆ ಮಾತನಾಡಿದನೇ ಎಂಬುದನ್ನು ಹೇಳಲಾರದು.

ಇಲ್ಲಿ ನಮ್ಮ ಸೀಮೆಯದೇ ಒಂದು ಕಲ್ಲು ನೆನಪಿಗೆ ಬರುತ್ತದೆ. ಭೀಮಾತೀರದ ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಬಂಡೆಯೊಂದನ್ನು ಹಿಂದೆಂದೋ ಯಾರೋ ಕಾಳಿಯ ವಿಗ್ರಹಕ್ಕೆ ಪೀಠವಾಗಿಸಿ, ನಡುವೆ ಕುಳಿ ಕೊರೆದರು. ಎಷ್ಟೋ ಅಕ್ಷರಗಳು ಅಳಿದವು. 1986ರಲ್ಲಿ ಗುಡಿಯ ಛಾವಣಿ ಕುಸಿದ ಬಳಿಕ ಅದು ಬೆಳಕಿಗೆ ಬಂದಾಗ ವಿದ್ವಾಂಸರು ಕುಳಿಯನ್ನಷ್ಟೇ ಅಳೆದು ಹಿಂದಿರುಗಲಿಲ್ಲ. ಉಳಿದ ಅಕ್ಷರಗಳನ್ನು ಕೂಡಿಸಿ ಓದಿದರು. ಜನರನ್ನು ತನ್ನ ಮಕ್ಕಳಂತೆ ಕಾಣಿರೆಂದು ಅರಸನು ಅಧಿಕಾರಿಗಳಿಗೆ ಬೋಧಿಸುವ ಶಾಸನ ಅಲ್ಲಿತ್ತು.

ಮನುಷ್ಯನನ್ನೂ ಹಾಗೆ ಓದಬೇಕು. “ಬಿಟ್ಟಾನೇನು?” ಎಂದು ಮನೆಯವರನ್ನು ಕೇಳುವ ಬದಲು, “ಆರಾಮ ಇದ್ದೀಯೇನಪ್ಪಾ?” ಎಂದು ಅವನನ್ನೇ ಕೇಳಿ, ಉತ್ತರಕ್ಕಾಗಿ ಕ್ಷಣಕಾಲ ನಿಲ್ಲುವುದು ಆ ಓದಿನ ಮೊದಲ ಅಕ್ಷರ.