ಮೂರು ಪೆಗ್ಗಿಗೆ ಯಾರೂ ಸಿಟ್ಟಾಗಲಿಲ್ಲ

ರ‍್ಯಾಪ್ ಹಾಡು ನಮ್ಮ ಮಕ್ಕಳನ್ನು ಕೆಡಿಸುತ್ತಿದೆ ಎಂಬ ದೂರು ಈಗ ಹಳೇಬೀಡಿನಂಥ ಊರಿನ ಚಹಾದಂಗಡಿಗೂ ಬಂದು ತಲುಪಿದೆ. ಹುಡುಗರ ಮೊಬೈಲಿನಲ್ಲಿ ‘ಡ್ರಿಲ್’ ಎಂಬ ವಿದೇಶಿ ಹಾಡುಗಳೂ ಇವೆಯಂತೆ. ಹೆತ್ತವರ ಆತಂಕ ಸುಳ್ಳಲ್ಲ. ಆದರೆ ಅವರು ಬೆರಳು ತೋರಿಸುವ ದಿಕ್ಕು ಸರಿಯೇ?

ಡ್ರಿಲ್ ಹುಟ್ಟಿದ್ದು 2010ರ ಆಸುಪಾಸಿನಲ್ಲಿ, ಶಿಕಾಗೋ ನಗರದ ದಕ್ಷಿಣ ಭಾಗದ ಕಪ್ಪು ಜನರ ಬಡ ಕೇರಿಗಳಲ್ಲಿ. ಬಂದೂಕು, ಸೇಡು, ಸತ್ತ ಗೆಳೆಯರ ಹೆಸರು ಅದರ ವಸ್ತು. ಅದರ ಪ್ರಮುಖ ಗಾಯಕ ಕಿಂಗ್ ವಾನ್ ತನ್ನ ಕೇರಿಯ ಹೆಸರನ್ನೇ ಆಲ್ಬಮ್ಮಿಗೆ ಇಟ್ಟ. 2020ರ ಅಕ್ಟೋಬರ್ 30ರಂದು ಅದು ಬಿಡುಗಡೆಯಾಯಿತು. ನವೆಂಬರ್ 6ರಂದು ಅಟ್ಲಾಂಟಾದಲ್ಲಿ ಗುಂಡೇಟಿಗೆ ಆತ ಸತ್ತ. ವಯಸ್ಸು 26! ಇದನ್ನು ವೈಭವೀಕರಿಸುವವರ ಸಾಲಿನಲ್ಲಿ ನಾನಿಲ್ಲ. ಲಂಡನ್ನಿನಲ್ಲಿ ಪೊಲೀಸರು ಯೂಟ್ಯೂಬಿನಿಂದ ಇಂಥ ಹಾಡುಗಳನ್ನು ತೆಗೆಸಿದರು. 2019ರಲ್ಲಿ ಇಬ್ಬರು ಗಾಯಕರಿಗೆ ನಿಷೇಧಿತ ಹಾಡು ಹಾಡಿದ್ದಕ್ಕೇ ಅಮಾನತಿನಲ್ಲಿಟ್ಟ ಜೈಲು ಶಿಕ್ಷೆಯಾಯಿತು. ಅಲ್ಲಿಯೂ ಚೂರಿಗಿಂತ ಹಾಡು ಬೇಗ ಸಿಕ್ಕಿಬಿದ್ದಿತು.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದ ಹೆಸರಾಂತ ರ‍್ಯಾಪರ್ ಚಂದನ್ ಶೆಟ್ಟಿ ನಮ್ಮ ಹಾಸನ ಜಿಲ್ಲೆಯವರೇ. ಡ್ರಿಲ್ ಗಾಯಕರಲ್ಲ. 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದು ಮನೆಮಾತಾದರು. ಅವರ ಮೇಲೆ ನಾಡು ಯಾವಾಗ ಸಿಟ್ಟಾಯಿತೆಂಬುದನ್ನು ನೆನಪಿಸಿಕೊಳ್ಳಿ. 2019ರಲ್ಲಿ ಹಳೆಯ ಸಿನಿಮಾ ಹಾಡೊಂದರಲ್ಲಿ ಗಾಂಜಾ ಇದೆಯೆಂದು ಸಿಸಿಬಿ ಪೊಲೀಸರು ಕರೆಸಿದರು. ಅದೇ ವರ್ಷ ಮೈಸೂರಿನ ಯುವ ದಸರಾ ವೇದಿಕೆಯಲ್ಲಿ ಹುಡುಗಿಗೆ ಉಂಗುರ ತೊಡಿಸಿದ್ದು ದೊಡ್ಡ ಗದ್ದಲವಾಯಿತು. 2020ರಲ್ಲಿ ಮಾದಪ್ಪನ ಜನಪದ ಹಾಡು ‘ಕೋಲುಮಂಡೆ’ಯನ್ನು ಬಳಸಿದ ರೀತಿ ಭಕ್ತರಿಗೆ ನೋವು ತಂದಿತು, ಅವರು ಕ್ಷಮೆ ಕೇಳಿ ವಿಡಿಯೋ ಹಿಂತೆಗೆದರು. ಆ ನೋವು ನ್ಯಾಯವಾದದ್ದೇ.

ಆದರೆ ‘ಮೂರು ಪೆಗ್’ ಹಾಡಿಗೆ? ಅದಕ್ಕೆ ಸಿಕ್ಕಿದ್ದು ಮದುವೆ ದಿಬ್ಬಣದ ಡಿಜೆ, ಗಣೇಶನ ಮೆರವಣಿಗೆ, ಕಾಲೇಜಿನ ವಾರ್ಷಿಕೋತ್ಸವ! ಸಿಟ್ಟಾಗುವುದಾದರೂ ಹೇಗೆ? ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಮಾಡುವುದೇ ಸರಕಾರದ ಪಾನೀಯ ನಿಗಮ. 2024-25ರ ಬಜೆಟ್ಟಿನಲ್ಲಿ ಅಬಕಾರಿಯಿಂದ ಬಯಸಿದ ಆದಾಯ 38,525 ಕೋಟಿ ರೂಪಾಯಿ. ಇಷ್ಟೊಂದು ಪೆಗ್ ಮಾರುವವರು ಪೆಗ್ಗಿನ ಹಾಡಿನವನಿಗೆ ನೋಟಿಸು ಕೊಡುತ್ತಾರೆಯೇ?

ಚಂದನ್ ಅವರ ಮೇಲೆ ನನ್ನ ದೂರು ಬೇರೆ. ಅವರಿಗೆ ಹೆಸರು ತಂದ ಹಾಡುಗಳಲ್ಲಿ ಹಾಸನವೇ ಇಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಕಾಫಿ ತೋಟಗಳಲ್ಲಿ ಆನೆ ತುಳಿದು ಕೂಲಿಗಳು ಸಾಯುತ್ತಾರೆ. ಅರಸೀಕೆರೆಯ ರೈತ ಕೊಬ್ಬರಿ ಬೆಲೆಗಾಗಿ ಬೀದಿಗಿಳಿಯುತ್ತಾನೆ. ಆ ಹಾಡುಗಳಲ್ಲಿ ಇರುವುದು ಪಾರ್ಟಿ ಮಾತ್ರ, ಅದು ಯಾವ ಊರಿನದ್ದೂ ಆಗಬಹುದು. ಕಿಂಗ್ ವಾನ್ ಎಷ್ಟೇ ಕೆಟ್ಟ ದಾರಿ ಹಿಡಿದಿರಲಿ, ಕೇಳಿದವನಿಗೆ ಆತ ಯಾವ ಕೇರಿಯವನೆಂದು ಗೊತ್ತಾಗುತ್ತಿತ್ತು.

ಹಾಗೆ ನೋಡಿದರೆ ಊರಿನ ಹೆಸರು ಹೇಳಿ ಎದುರಾಳಿಯನ್ನು ಕೆಣಕುವುದು ನಮ್ಮ ನೆಲಕ್ಕೆ ಹೊಸದಲ್ಲ. ಬೇಲೂರಿನ ಗುಡಿಯ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತಿದರು. ದಾಸೋಜ ತಾನು ಬಳ್ಳಿಗಾವೆಯವನೆಂದು ಬರೆದುಕೊಂಡ. ಉಳಿದ ಶಿಲ್ಪಿಗಳನ್ನು ಹಂಗಿಸುವ ಬಿರುದುಗಳೂ ಅಲ್ಲಿವೆ. ಕಲ್ಲಿನಲ್ಲಿದ್ದರೆ ಅದು 2023ರಿಂದ ವಿಶ್ವ ಪರಂಪರೆ, ಹುಡುಗನ ಬಾಯಲ್ಲಿದ್ದರೆ ಪುಂಡಾಟ!

ಹೊಯ್ಸಳ ಉತ್ಸವ ನಡೆಸುವವರು ಬೆಂಗಳೂರಿನ ತಾರೆಯರಿಗೆ ಕೊಡುವ ಸಮಯದಲ್ಲಿ ಅರ್ಧ ಗಂಟೆಯನ್ನು ಇಲ್ಲಿನ ಹುಡುಗ ಹುಡುಗಿಯರಿಗೆ ಬಿಟ್ಟುಕೊಡಲಿ. ಮದ್ಯ, ಗಾಂಜಾ, ಕತ್ತಿ ಬೇಡವೆಂಬ ಷರತ್ತನ್ನು ಬೇಕಿದ್ದರೆ ಹಾಕಲಿ, ನಾನೂ ಸಹಿ ಮಾಡುತ್ತೇನೆ. ಆನೆಯ ಬಗ್ಗೆ, ಕೊಬ್ಬರಿಯ ಬಗ್ಗೆ, ಓಟು ಕೇಳಿ ಹೋದವರ ಬಗ್ಗೆ ಹಾಡಿದಾಗ ಮಾತ್ರ ಮೈಕ್ ಕಿತ್ತುಕೊಳ್ಳಬಾರದು.