ಮೇಡಂ ಮೌಸ್ ಹಿಡಿದರು. ನೀವು ಕನ್ನಡ ಹಿಡಿಯುವುದು ಯಾವಾಗ?

ಯುವ ಕನ್ನಡಿಗರೇ,

ನವೆಂಬರ್ ಒಂದಕ್ಕೆ ಬೈಕಿಗೆ ಬಾವುಟ ಕಟ್ಟುತ್ತೀರಿ. ಸಂತೋಷ. ಹಳದಿ ಕೆಂಪು ಶಾಲು ಹೊದೆಯುತ್ತೀರಿ. ಅದೂ ಸಂತೋಷ. ಆಮೇಲೆ ಜೇಬಿನಿಂದ ಮೊಬೈಲು ತೆಗೆದು ಗೆಳೆಯನಿಗೆ ರಾಜ್ಯೋತ್ಸವದ ಶುಭಾಶಯ ಕಳಿಸುತ್ತೀರಲ್ಲ, ಅದು ಯಾವ ಲಿಪಿಯಲ್ಲಿ? ಎದೆ ಮುಟ್ಟಿಕೊಂಡು ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ! ಕನ್ನಡದ ಹಬ್ಬಕ್ಕೂ ನಿಮಗೆ ಕನ್ನಡದ ಅಕ್ಷರ ಬೇಡವಾಯಿತು.

ಸಿಟ್ಟು ಬಂತೆ? ಬರಲಿ. ಆ ಸಿಟ್ಟನ್ನು ಹಾಗೇ ಇಟ್ಟುಕೊಂಡು ಒಬ್ಬ ಮೇಡಂ ಕತೆ ಕೇಳಿ.

ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಕನ್ನಡ ಮಾಧ್ಯಮ. ನನಗೆ ವಿಜ್ಞಾನ ಕಲಿಸಿದ ಮೇಡಂ ಈಗ ಅಲ್ಲಿದ್ದಾರೆ. ನಿವೃತ್ತಿಗೆ ಇನ್ನು ಆರೇ ವರ್ಷ. ಅವರಿಗೆ ತರಬೇತಿಗೆ ಬುಲಾವ್ ಬಂತು. ಕಂಪ್ಯೂಟರ್ ಬಳಸಿ ಪಾಠ ಮಾಡುವುದು ಹೇಗೆ, ಜಾಲದಲ್ಲಿ ಪರೀಕ್ಷೆ ಮಾಡುವುದು ಹೇಗೆ, ಚಿತ್ರ ಓಡಿಸಿ ತೋರಿಸುವುದು ಹೇಗೆ ಅಂತ ಎರಡು ದಿನದ ಪಾಠ. ಹೇಳಿಕೊಡುವವರ ಮಾತು ಕನ್ನಡ. ಆದರೆ ಪರದೆ ಇಂಗ್ಲಿಷ್, ಗುಂಡಿಗಳು ಇಂಗ್ಲಿಷ್, ಕೈಗೆ ಕೊಟ್ಟ ಕಾಗದವೂ ಇಂಗ್ಲಿಷ್! ಮೇಡಂ ಸುಮ್ಮನೆ ಕೂರಲಿಲ್ಲ. ನೋಟ್ ಬುಕ್ಕಿನಲ್ಲಿ ತಮ್ಮದೇ ಕನ್ನಡದಲ್ಲಿ ಬರೆದುಕೊಂಡರು: 'ಎಡಗಡೆ ಮೇಲೆ ಮೂರು ಗೆರೆ ಇರುವ ಗುಂಡಿ ಒತ್ತಬೇಕು. ಹೊಸ ಪ್ರಶ್ನೆಗೆ ಕೂಡು ಚಿಹ್ನೆ.' ನಾನು ಆ ನೋಟ್ ಬುಕ್ಕನ್ನು ನೋಡಿದ್ದೇನೆ. ಅಷ್ಟು ಚೊಕ್ಕವಾದ ಕೈಪಿಡಿಯನ್ನು ಬೇರೆಲ್ಲೂ ನೋಡಿಲ್ಲ.

ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. ಹತ್ತು ಹನ್ನೆರಡು ವರ್ಷ ಕೂತು ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳು ಅವರ ಹತ್ತಿರ ಇವೆ. ಎಲ್ಲ ಹಳೆಯ ನುಡಿ ತಂತ್ರಾಂಶದಲ್ಲಿ ಮಾಡಿದ್ದು. ಅದರಿಂದ ಒಂದು ಪ್ರಶ್ನೆ ಎತ್ತಿ ಗೂಗಲ್ ಫಾರ್ಮಿಗೆ ಹಾಕಿದರೆ ಕನ್ನಡವೇ ಮಾಯ! ಕೊಂಬು ಬಾಲದ ರೋಮನ್ ಅಕ್ಷರಗಳ ಕಸ. ನನಗೆ ಫೋನ್ ಮಾಡಿದರು. "ಏನೋ ಮರಿ, ನನ್ನ ಪ್ರಶ್ನೆಗಳಿಗೆಲ್ಲ ಏನೋ ರೋಗ ಬಂದಿದೆ ಕಣೋ. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡ್ತೀಯಲ್ಲ, ಔಷಧ ಗೊತ್ತಾ?"

ಶನಿವಾರ ಹೋದೆ. ಹೋಗಿ ಏನು ಮಾಡಿದೆ ಗೊತ್ತೆ? ನೀವೆಲ್ಲ ಮಾಡುವುದನ್ನೇ ಮಾಡಿದೆ. "ಮೇಡಂ, ತುಂಬ ಸಿಂಪಲ್ಲು" ಅಂತ ಅವರ ಕೈಯಿಂದ ಮೌಸ್ ಕಿತ್ತುಕೊಂಡೆ. ಟಪಟಪ ಒತ್ತಿದೆ. ಹತ್ತು ನಿಮಿಷದಲ್ಲಿ ಫಾರ್ಮು ರೆಡಿ. ಅದೂ ಇಂಗ್ಲಿಷಿನಲ್ಲಿ, ಯಾಕೆಂದರೆ ನನ್ನ ಬೆರಳಿಗೆ ಬರುವುದು ಅದೊಂದೇ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು: "ನೀನು ಮಾಡಿಕೊಟ್ಟು ಬಸ್ಸು ಹತ್ತಿದರೆ ಸೋಮವಾರ ಯಾರೋ ಮಾಡ್ತಾರೆ? ನನ್ನ ಮಕ್ಕಳಿಗೆ ನಾನು ಪಾಠ ಮಾಡೋದು ಯಾವ ಭಾಷೆಲಿ ಅನ್ನೋದು ಮರೆತೇಬಿಟ್ಯಾ?"

ಗೆಳೆಯರೇ, ನನ್ನ ತಲೆ ತಗ್ಗಿತು. ಅದಕ್ಕೇ ಈ ಬರಹ.

ಸೈಟು ಸಿಕ್ಕಿದೆ, ಮನೆ ಕಟ್ಟಿಲ್ಲ!

ಮೊದಲು ಆ ರೋಗ ಏನೆಂದು ತಿಳಿಯೋಣ. ಹಳೆಯ ನುಡಿ, ಹಳೆಯ ಬರಹದ ಫಾಂಟುಗಳಲ್ಲಿ 'ಕ' ಎಂದು ಕಾಣುವುದು ನಿಜಕ್ಕೂ 'ಕ' ಅಲ್ಲ. ಒಳಗೆ ಇರುವುದು ಒಂದು ರೋಮನ್ ಚಿಹ್ನೆ. ಅದರ ಮೇಲೆ ಕನ್ನಡದ ಅಂಗಿ ತೊಡಿಸಿದ್ದಾರೆ, ಅಷ್ಟೇ. ಆ ಫಾಂಟು ಇಲ್ಲದ ಕಡೆ ಹೋದರೆ ಅಂಗಿ ಕಳಚಿ ಒಳಗಿನ ಮೈ ಕಾಣುತ್ತದೆ. ಹುಡುಕಿದರೆ ಸಿಗುವುದಿಲ್ಲ, ಮೊಬೈಲಿನಲ್ಲಿ ತೆರೆಯುವುದಿಲ್ಲ, ಕುರುಡು ಮಕ್ಕಳಿಗೆ ಓದಿ ಹೇಳುವ ಯಂತ್ರಕ್ಕೂ ಅರ್ಥವಾಗುವುದಿಲ್ಲ.

ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಉಂಟು, ಜಗತ್ತಿನ ಯಾವ ಕಂಪ್ಯೂಟರಿನಲ್ಲೂ ಬದಲಾಗದ ಸಂಖ್ಯೆ. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಕನ್ನಡಕ್ಕೆ 128 ಸ್ಥಾನ ಕೊಟ್ಟಿದ್ದರು. ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ 128 ಸೈಟಿನ ಬಡಾವಣೆ ನಮ್ಮ ಹೆಸರಿಗೆ ಮಂಜೂರಾಗಿದೆ, ಖಾತೆ ಆಗಿದೆ. ನಾವು ಮಾತ್ರ ಇನ್ನೂ ರೋಮನ್ ಓಣಿಯಲ್ಲಿ ಬಾಡಿಗೆಗೆ ಇದ್ದೇವೆ!

ಹಾಗಂತ ಹಿರಿಯರನ್ನು ಬೈಯಬೇಡಿ. ಕಂಪ್ಯೂಟರಿಗೆ ಕನ್ನಡದ ಗಂಧವೇ ಇಲ್ಲದ ಕಾಲದಲ್ಲಿ ಕೆ.ಪಿ. ರಾವ್ ಅವರು ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿ ವಾಸು ಅವರ ಬರಹ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ಕೂತು ಕನ್ನಡ ತಂತ್ರಾಂಶಕ್ಕಾಗಿ ಗಂಟಲು ಹರಿದುಕೊಂಡರು. ವಿಂಡೋಸ್‌ನಲ್ಲಿ ಕನ್ನಡದ ಫಾಂಟು ಬಂದದ್ದೇ 2001ರ ಎಕ್ಸ್‌ಪಿಯಿಂದ. ಅದಕ್ಕೂ ಮೊದಲು ದಾರಿ ಕಡಿದವರು ಅವರು. ಮುಂದೆ ಬಂದ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ. ಹಳೆಯ ಕಡತವನ್ನು ಹೊಸದಕ್ಕೆ ತರುವ ಪರಿವರ್ತಕಗಳೂ ಇವೆ, ಪುಕ್ಕಟೆ. ಇಲ್ಲದೆ ಹೋದದ್ದು ಒಂದೇ: ಹಳ್ಳಿಯ ಮೇಷ್ಟ್ರ ಪಕ್ಕದಲ್ಲಿ ಕೂತು ಅದನ್ನು ತೋರಿಸುವ ಕನ್ನಡದ ಹುಡುಗ.

ಆ ಶನಿವಾರ ನಾನು ಮೌಸ್ ಅಲ್ಲೇ ಬಿಟ್ಟೆ. ಕೈ ಹಿಂದೆ ಕಟ್ಟಿ ನಿಂತೆ. ಮೇಡಂ ತಾವೇ ಒತ್ತಿದರು. ಎರಡು ಸಲ ತಪ್ಪಿತು, ಮೂರನೆಯ ಸಲ ಕಸವೆಲ್ಲ ಕರಗಿ ಪರದೆ ತುಂಬ ಕನ್ನಡ! ಅವರ ಮುಖ ನೋಡಬೇಕಿತ್ತು ನೀವು.

ಸೀರಿಯಲ್ ಸೆಟ್ಟಿನ ಪಾಠ

ಮುಂದಿನ ವಾರ ಅವರು ಹತ್ತನೇ ತರಗತಿಗೆ ವಿದ್ಯುತ್ ಪಾಠದ ಮೇಲೆ ಹತ್ತು ಪ್ರಶ್ನೆ ಹಾಕಿದರು. ಕನ್ನಡದಲ್ಲಿ. ಲ್ಯಾಬಿನಲ್ಲಿ ಓಡುವ ಕಂಪ್ಯೂಟರು ನಾಲ್ಕೇ. ಮಕ್ಕಳು ಸರದಿಯಲ್ಲಿ ಬಂದು ಉತ್ತರ ಒತ್ತಿದರು. ಪುಸ್ತಕದ ಕಟ್ಟು ಮನೆಗೆ ಹೊತ್ತು ತಿದ್ದುವ ಕೆಲಸವಿಲ್ಲ. ಯಾವ ಪ್ರಶ್ನೆಯಲ್ಲಿ ತರಗತಿ ಎಡವಿದೆ ಎಂಬುದು ಅಲ್ಲೇ ಕಂಡಿತು. ಸರಣಿಯಲ್ಲಿ ಜೋಡಿಸಿದ ಬಲ್ಬುಗಳಲ್ಲಿ ಒಂದನ್ನು ಬಿಚ್ಚಿದರೆ ಉಳಿದವು ಏನಾಗುತ್ತವೆ? ಬಹುಪಾಲು ಮಕ್ಕಳ ಉತ್ತರ ತಪ್ಪು.

ಮಾರನೆಯ ದಿನ ಮೇಡಂ ಫೆಟ್ ತೆರೆದರು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಅದು. ತಂತಿ, ಬಲ್ಬು, ಬ್ಯಾಟರಿ ಎಲ್ಲವನ್ನೂ ಪರದೆಯ ಮೇಲೆ ಜೋಡಿಸಿ ಆಡಿಸಬಹುದು. ಕಾಸು ಕೊಡಬೇಕಿಲ್ಲ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಕಿಲ್ಲ. ಅವರು ತೆರೆದದ್ದು ಇಂಗ್ಲಿಷ್ ಪ್ರತಿ. ಒಬ್ಬ ಹುಡುಗನನ್ನು ಕರೆದು "ಒಂದು ಬಲ್ಬು ತೆಗಿ" ಅಂದರು. ತೆಗೆದ. ಎಲ್ಲವೂ ಕತ್ತಲು. ಸಮಾಂತರವಾಗಿ ಜೋಡಿಸಿ ತೆಗೆಸಿದರು. ಉಳಿದವು ಉರಿಯುತ್ತಲೇ ಇದ್ದವು. ಹಿಂದಿನ ಬೆಂಚಿನಿಂದ ಒಂದು ದನಿ: "ಮಿಸ್, ನಮ್ಮೂರ ಜಾತ್ರೇಲಿ ಸೀರಿಯಲ್ ಸೆಟ್ಟು ಕೆಡೋದು ಇದಕ್ಕೇನಾ?"

ನೋಡಿದಿರಾ! ಪುಸ್ತಕದ ಸರಣಿ ಜೋಡಣೆ ಆ ಹುಡುಗನ ಊರ ಜಾತ್ರೆಗೆ ಹೋಗಿ ಮುಟ್ಟಿತು. ಯಂತ್ರ ಅಮೆರಿಕದ್ದು, ಪರದೆ ಇಂಗ್ಲಿಷಿನದು. ಆದರೆ ತಿಳಿವಳಿಕೆ ಹುಟ್ಟಿದ್ದು ಕನ್ನಡದಲ್ಲಿ. ಹುಟ್ಟಿಸಿದ್ದು ಮೇಡಂ.

ಕಂಪ್ಯೂಟರ್ ಅಂದರೆ ಇಂಗ್ಲಿಷ್ ಎಂಬ ಸುಳ್ಳು

ಈಗ ಅಸಲು ವಿಷಯಕ್ಕೆ ಬರೋಣ. 1994ರಲ್ಲಿ ಸರ್ಕಾರ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ಎಂದು ಆದೇಶ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಹಾಗೆ ಬಲವಂತ ಮಾಡುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು! ಯಾಕೆ ಸ್ವಾಮಿ ಎಂದು ಯಾವ ಅಪ್ಪ ಅಮ್ಮನನ್ನಾದರೂ ಕೇಳಿ. "ಮುಂದೆ ಎಲ್ಲ ಕಂಪ್ಯೂಟರು, ಇಂಗ್ಲಿಷ್ ಬೇಕಲ್ಲ" ಎನ್ನುತ್ತಾರೆ. ಅವರ ತಪ್ಪಲ್ಲ. ಅವರು ನೋಡಿದ ಒಂದೊಂದು ಪರದೆಯೂ ಅವರಿಗೆ ಅದನ್ನೇ ಹೇಳಿದೆ. ಕನ್ನಡ ಮಾಧ್ಯಮದ ತರಗತಿಯೊಳಗೆ ಬರೀ ಇಂಗ್ಲಿಷಿನ ಪರದೆ ಹೊತ್ತಿದಾಗಲೆಲ್ಲ ಮಗು ಒಂದು ಪಾಠ ಕಲಿಯುತ್ತದೆ: ಕಂಪ್ಯೂಟರು ಶುರುವಾಗುವಲ್ಲಿ ಕನ್ನಡ ಮುಗಿಯುತ್ತದೆ. ಈ ಪಾಠ ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಎಲ್ಲ ಪುಸ್ತಕಕ್ಕಿಂತ ಆಳಕ್ಕೆ ಇಳಿಯುತ್ತದೆ.

ಸರ್ಕಾರ ಏನೂ ಮಾಡಿಲ್ಲವೆ? ಮಾಡಿದೆ. 2001ರ ಹೊತ್ತಿಗೆ ಮಾಹಿತಿ ಸಿಂಧು ಬಂತು. ಕಂಪ್ಯೂಟರ್ ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಗುತ್ತಿಗೆ ಮುಗಿದ ದಿನ ಕಲಿಸುವವನು ಹೊರಟ, ಉಳಿದದ್ದು ಬೀಗ ಮತ್ತು ಧೂಳು. 2004ರಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠ ಇಳಿಯಿತು. 2017ರಲ್ಲಿ ದೀಕ್ಷಾ ಬಂತು. 2020ರ ಕೊರೊನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಸಂವೇದ ಪಾಠ, ಊರ ಜಗಲಿಯಲ್ಲಿ ವಿದ್ಯಾಗಮ. ಆ ವಿದ್ಯಾಗಮವನ್ನು ನಡೆಸಿದ್ದು ಯಂತ್ರವಲ್ಲ, ಕಾಲು ಸವೆಸಿದ ಮೇಷ್ಟ್ರುಗಳು! ಪೆಟ್ಟಿಗೆ ತರುವುದು ಸುಲಭ, ಟೆಂಡರ್ ಕರೆದರೆ ಬರುತ್ತದೆ. ಮೇಷ್ಟ್ರು ತಾನೇ ಯಜಮಾನನಾಗುವ ಹಾಗೆ ಕಲಿಸುವುದು ಯಾವ ಟೆಂಡರಿನಲ್ಲೂ ಬರುವುದಿಲ್ಲ.

ಪಕ್ಕದ ಕೇರಳ ನೋಡಿ. ಅವರೂ 2001ರಲ್ಲೇ ಐಟಿ ಅಟ್ ಸ್ಕೂಲ್ ಶುರು ಮಾಡಿದರು. ಆದರೆ ಮೇಷ್ಟ್ರುಗಳನ್ನೇ ತರಬೇತುದಾರರನ್ನಾಗಿ ಮಾಡಿ ಮೇಷ್ಟ್ರುಗಳಿಗೆ ಕಲಿಸಿದರು. ಶಾಲೆಯ ಕಂಪ್ಯೂಟರಿಗೆ ಮುಕ್ತ ತಂತ್ರಾಂಶ ಹಾಕಿ ಮಲಯಾಳಂ ಕೂರಿಸಿದರು. ಶಾಲೆಗಳ ಕತೆಯನ್ನು ಶಾಲೆಗಳೇ ಮಲಯಾಳದಲ್ಲಿ ಬರೆಯಲು ಸ್ಕೂಲ್ ವಿಕಿ ಕಟ್ಟಿದರು. ಫಲ ಏನು? 2011ರ ಜನಗಣತಿಯಲ್ಲಿ ಮಲಯಾಳಂ ಮಾತಾಡುವವರು ಸುಮಾರು 3.5 ಕೋಟಿ, ಕನ್ನಡಿಗರು ಸುಮಾರು 4.4 ಕೋಟಿ. ಮಲಯಾಳಂ ವಿಕಿಪೀಡಿಯದಲ್ಲಿ 80 ಸಾವಿರಕ್ಕೂ ಮೇಲೆ ಲೇಖನಗಳಿವೆ. 2003ರಲ್ಲಿ ಹುಟ್ಟಿದ ನಮ್ಮದು 30 ಸಾವಿರ ದಾಟಿ ತೆವಳುತ್ತಿದೆ. ತಲೆ ನಮ್ಮದು ಹೆಚ್ಚು, ಬರಹ ಅವರದು ಹೆಚ್ಚು! ಇಡೀ ದೇಶಕ್ಕೆ ಸಾಫ್ಟ್‌ವೇರ್ ರಾಜಧಾನಿ ಅಂತ ಬೀಗುವ ಊರು ನಮ್ಮದು. ನಾಚಿಕೆಯಾಗುವುದಿಲ್ಲವೆ?

ನಮ್ಮಲ್ಲೂ ಬೆಳಕು ಇಲ್ಲದಿಲ್ಲ. ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಸೇರಿ ಪಾಠದ ಸಾಮಗ್ರಿ ಬರೆದಿಟ್ಟ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಇದೆ. ಬಡ ಮೇಷ್ಟ್ರು ಬಿಡುವಿನಲ್ಲಿ ಬರೆಯುತ್ತಾರೆ. ಎಸಿ ರೂಮಿನ ನೀವು?

ನೀವು ಮಾಡಬೇಕಾದದ್ದು

ಒಂದು: ಇವತ್ತೇ, ಇದನ್ನು ಓದಿ ಮುಗಿಸಿದ ಕೂಡಲೇ, ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳಿ. ಇಂಗ್ಲಿಷ್ ಅಕ್ಷರದ ಕನ್ನಡ ಇವತ್ತಿಗೆ ಸಾಕು. ಈಗ ಎಲ್ಲರ ಬಾಯಲ್ಲಿರುವ ಎಐ ಯಂತ್ರಗಳು ಜಾಲದಲ್ಲಿರುವ ಬರಹ ತಿಂದೇ ಬೆಳೆಯುವುದು. ನೀವು ಕನ್ನಡ ಬರೆಯದಿದ್ದರೆ ಅವು ಕನ್ನಡವನ್ನು ಎಲ್ಲಿಂದ ಕಲಿಯಬೇಕು?

ಎರಡು: ತಿಂಗಳಿಗೆ ಒಂದು ಶನಿವಾರ ನೀವು ಓದಿದ ಶಾಲೆಗೆ ಹೋಗಿ. ಭಾಷಣ ಬೇಡ, ಹಾರ ತುರಾಯಿ ಬೇಡ. ಮೇಷ್ಟ್ರ ಹಳೆಯ ಕಡತಗಳನ್ನು ಯೂನಿಕೋಡಿಗೆ ತರಲು ಪಕ್ಕದಲ್ಲಿ ಕೂತು ಹೇಳಿಕೊಡಿ. ನೆನಪಿರಲಿ, ಮೌಸ್ ಅವರ ಕೈಯಲ್ಲೇ ಇರಬೇಕು!

ಮೂರು: ಫೆಟ್ ಪ್ರಯೋಗಗಳಲ್ಲಿ ಕೆಲವು ಕನ್ನಡಕ್ಕೆ ಬಂದಿವೆ. ಅನುವಾದಕ್ಕೆ ಯಾರು ಬೇಕಾದರೂ ಕೈ ಹಾಕಬಹುದು. ವಿಕಿಪೀಡಿಯಕ್ಕೆ ನಿಮಗೆ ಗೊತ್ತಿರುವ ವಿಷಯದ ಮೇಲೆ ಒಂದು ಲೇಖನ ಬರೆಯಿರಿ. ಹತ್ತನೇ ತರಗತಿಯ ಹುಡುಗನಿಗೆ ಅರ್ಥವಾಗುವ ಕನ್ನಡ ಇರಲಿ, ಅಷ್ಟೇ.

ನಾಲ್ಕು: ಸರ್ಕಾರವನ್ನು ಕೇಳಿ. ಕನ್ನಡ ಮಾಧ್ಯಮದ ಮೇಷ್ಟ್ರ ತರಬೇತಿಯಲ್ಲಿ ಪರದೆಯೂ ಕನ್ನಡ, ಕೈಪಿಡಿಯೂ ಕನ್ನಡ ಆಗಬೇಕು ಎಂದು ಗಟ್ಟಿಯಾಗಿ ಕೇಳಿ. ಮಕ್ಕಳ ಹೆಸರು, ಅಪ್ಪ ಅಮ್ಮನ ಫೋನ್ ನಂಬರನ್ನು ಕಂಡ ಕಂಡ ಆ್ಯಪಿಗೆ ಸುರಿಯಬೇಡಿ ಎಂದೂ ಹೇಳಿ.

ಬೋರ್ಡಿಗೆ ಮಸಿ ಬಳಿಯುವುದು ಸುಲಭ, ಗೆಳೆಯರೇ. ಒಂದು ನಿಮಿಷದ ಕೆಲಸ, ಪೇಪರಿನಲ್ಲಿ ಫೋಟೊ ಬರುತ್ತದೆ. ಒಬ್ಬ ಮೇಷ್ಟ್ರ ಪಕ್ಕ ಮೂರು ಗಂಟೆ ಕೈ ಕಟ್ಟಿ ನಿಲ್ಲುವುದು ಕಷ್ಟ. ಫೋಟೊ ಬರುವುದಿಲ್ಲ. ಆದರೆ ಕನ್ನಡ ಉಳಿಯುವುದು ಅಲ್ಲಿ.

ಹೋದ ತಿಂಗಳು ಮೇಡಂ ನನಗೊಂದು ಸಂದೇಶ ಕಳಿಸಿದರು. ಅಚ್ಚ ಕನ್ನಡದ ಅಕ್ಷರದಲ್ಲಿ: 'ಮರಿ, ಪಕ್ಕದ ಊರಿನ ಇಬ್ಬರು ಮೇಷ್ಟ್ರುಗಳಿಗೆ ನಾನೇ ಹೇಳಿಕೊಟ್ಟೆ. ಅವರ ರೋಗವೂ ವಾಸಿಯಾಯಿತು.'

ಐವತ್ತು ದಾಟಿದ ಮೇಡಂ ಕಲಿತರು, ಕಲಿಸಿಯೂ ಬಿಟ್ಟರು. ಇಪ್ಪತ್ತೈದರ ನಿಮಗೇನು ಧಾಡಿ?