ತಿಂಗಳ ಲೆಕ್ಕವೋ, ವಿದ್ಯೆಯ ಲೆಕ್ಕವೋ?

ನಮ್ಮ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನೊಬ್ಬನು ವೈದ್ಯನಾಗಬೇಕೆಂದು ಹಂಬಲಿಸಿದನು. ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದನು. ಆದರೆ ಸರಕಾರಿ ಸೀಟು ದೊರೆಯಲಿಲ್ಲ, ಖಾಸಗಿ ಕಾಲೇಜಿನ ಶುಲ್ಕ ಕೈಗೆಟುಕಲಿಲ್ಲ. ತಂದೆಯು ಅಡಿಕೆ ತೋಟದ ಪತ್ರವನ್ನು ಬ್ಯಾಂಕಿನಲ್ಲಿರಿಸಿ, 2021ರ ಆರಂಭದಲ್ಲಿ ಅವನನ್ನು ಫಿಲಿಪ್ಪೀನ್ಸಿನ ಕಾಲೇಜೊಂದಕ್ಕೆ ಸೇರಿಸಿದರು. ಇಂದು ಆ ಹುಡುಗನು ಶಿರಿಯಕ್ಕೆ ಮರಳಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದಾನೆ. ಅವನು ಯಾವ ಪರೀಕ್ಷೆಯಲ್ಲಿಯೂ ಸೋತವನಲ್ಲ. ಸೋತದ್ದು ತಿಂಗಳ ಲೆಕ್ಕದಲ್ಲಿ.

ಆ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರ್ 18ರಂದು ಹೊರಡಿಸಿದ ನಿಯಮದಂತೆ, ವಿದೇಶದಲ್ಲಿ ಓದಿದವನ ವೈದ್ಯವ್ಯಾಸಂಗವು 54 ತಿಂಗಳಿಗೆ ಕಡಮೆಯಿರಕೂಡದು; ಅಷ್ಟೂ ಒಂದೇ ಸಂಸ್ಥೆಯಲ್ಲಿ ನಡೆದಿರಬೇಕು. ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಆಗಬೇಕು. ಭಾರತದಲ್ಲಿ ಮತ್ತೆ 12 ತಿಂಗಳು. ಫಿಲಿಪ್ಪೀನ್ಸಿನಲ್ಲಾದರೋ ಮೊದಲು ಒಂದೂವರೆ ಎರಡು ವರ್ಷದ ಪೂರ್ವಪದವಿ, ಆಮೇಲೆ 4 ವರ್ಷದ ವೈದ್ಯಪದವಿ. ಪೂರ್ವಪದವಿಯನ್ನು ನಮ್ಮವರು ವೈದ್ಯವ್ಯಾಸಂಗವೆಂದು ಎಣಿಸುವುದಿಲ್ಲ. ಉಳಿದದ್ದು 48 ತಿಂಗಳು. ಕೊರತೆ 6.

ನಿಯಮ ಬರುವ ಮೊದಲೇ ವಿದೇಶದಲ್ಲಿ ವೈದ್ಯವ್ಯಾಸಂಗ ಮಾಡುತ್ತಿದ್ದವರಿಗೆ ಅದು ಅನ್ವಯಿಸದೆಂದು ಅದರಲ್ಲಿಯೇ ಬರೆದಿದೆ. ನಮ್ಮ ಹುಡುಗನೂ ಮೊದಲೇ ಹೊರಟವನು; ಆದರೆ ಅವನಿದ್ದುದು ಪೂರ್ವಪದವಿಯಲ್ಲಿ. ಅವನು ಬರೆದು ಕೇಳಿದಾಗ ಕಛೇರಿಯೊಂದರಿಂದ ಬಂದದ್ದು ಒಂದೇ ಸಾಲು: ವ್ಯಾಸಂಗವು ನಿಯಮಕ್ಕೆ ಹೊಂದುವುದಿಲ್ಲ. ಯಾವ ವಿಷಯದಲ್ಲಿ ಕೊರತೆ, ಅದನ್ನು ಎಲ್ಲಿ ಹೇಗೆ ತುಂಬಿಸಿಕೊಳ್ಳಬೇಕು ಎಂಬುದಕ್ಕೆ ಉತ್ತರವಿಲ್ಲ.

ಜನರ ಪ್ರಾಣದ ವಿಷಯದಲ್ಲಿ ಸಡಿಲು ಸಲ್ಲದೆಂದು ಕೆಲವರು ಹೇಳಿಯಾರು. ನಾವೂ ಅದನ್ನೇ ಹೇಳುತ್ತೇವೆ. ದಲಾಲರ ಮಾತಿಗೆ ಮರುಳಾಗಿ ಹಾಳು ಕಾಲೇಜುಗಳಿಗೆ ದುಡ್ಡು ಸುರಿದವರನ್ನೂ ನಾವು ಬಲ್ಲೆವು. 54 ತಿಂಗಳೆಂಬುದು ನಮ್ಮ ದೇಶದ ಎಂ.ಬಿ.ಬಿ.ಎಸ್. ವ್ಯಾಸಂಗದ ಅವಧಿಯೇ ಎಂಬುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಅಕ್ಕಿ ಕೊಳ್ಳುವಾಗ ಮುಡಿಗೆ ಬಿಗಿದ ಹಗ್ಗದ ಸುತ್ತುಗಳನ್ನು ಎಣಿಸುವವರುಂಟೇ? ಮುಡಿ ಬಿಚ್ಚಿ ಸೇರಿನಿಂದ ಅಳೆಯುತ್ತಾರೆ. ವಿದೇಶದಲ್ಲಿ ಓದಿದವರನ್ನು ಅಳೆಯುವ ಸೇರು ಸರಕಾರದ ಕೈಯಲ್ಲಿಯೇ ಇದೆ: 300 ಅಂಕಗಳ ಪರೀಕ್ಷೆ, ತೇರ್ಗಡೆಗೆ 150. ಬರೆದವರಲ್ಲಿ ಬಹುಪಾಲು ಜನ ಅದರಲ್ಲಿ ಅನುತ್ತೀರ್ಣರಾಗುತ್ತಾರೆ, ಅಷ್ಟು ಕಠಿಣವಾದದ್ದು. ಆ ಸೇರನ್ನು ಮೂಲೆಯಲ್ಲಿರಿಸಿ ಹಗ್ಗವನ್ನೇಕೆ ಎಣಿಸಬೇಕು? ಅಮೆರಿಕದ ವೈದ್ಯಪದವಿಯೂ ಸಾಮಾನ್ಯವಾಗಿ 4 ವರ್ಷದ್ದೇ. ಈ ಹಗ್ಗದ ಲೆಕ್ಕದಲ್ಲಿ ಅದೂ ಗಿಡ್ಡವೇ ಸರಿ!

ನಾವು ಗಡಿನಾಡಿನ ಅಧ್ಯಾಪಕರು. ತಲಪಾಡಿಯ ಆಚೆಯಿಂದ ಮಗುವೊಂದು ವರ್ಗಾವಣೆ ಪತ್ರ ಹಿಡಿದು ಬಂದರೆ, ಅಲ್ಲಿನ ಪಠ್ಯ ಬೇರೆ, ಇಲ್ಲಿನದು ಬೇರೆ ಎಂದು ಬಾಗಿಲು ಹಾಕುವುದಿಲ್ಲ. ಓದಿಸಿ ನೋಡುತ್ತೇವೆ, ಲೆಕ್ಕ ಮಾಡಿಸುತ್ತೇವೆ, ಬಾರದ್ದನ್ನು ಕಲಿಸುತ್ತೇವೆ. ಒಂದು ಹಳ್ಳಿಯ ಶಾಲೆಗೆ ತಿಳಿದ ಈ ವಿವೇಕವು ದಿಲ್ಲಿಗೆ ತಿಳಿಯದೇ?

ತಿಳಿಯದೆ ಇಲ್ಲ. ಸಾಂಕ್ರಾಮಿಕದಿಂದಲೂ ಯುದ್ಧದಿಂದಲೂ ವಿದೇಶದ ಕಾಲೇಜು ಬಿಟ್ಟು ಬಂದ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಇದೇ ಆಯೋಗವು 2022ರ ಜುಲೈಯಲ್ಲಿ ಒಂದು ದಾರಿ ತೋರಿಸಿತು. ಜೂನ್ 30ರೊಳಗೆ ಪದವಿಯ ಪ್ರಮಾಣಪತ್ರ ದೊರೆತವರು ಪರೀಕ್ಷೆ ಬರೆಯಬಹುದು. ಆದರೆ ಇಲ್ಲಿನ ಇಂಟರ್ನ್‌ಶಿಪ್ 1 ವರ್ಷದ ಬದಲು 2 ವರ್ಷ. ಕೊರತೆಯನ್ನು ದುಡಿಮೆಯಿಂದ ತುಂಬಿಸುವ ದಾರಿಯಿದು. ಸುಪ್ರೀಂ ಕೋರ್ಟಿನ ಮಾತಿನ ಮೇಲೆ ಒಮ್ಮೆ ತೆರೆದ ಬಾಗಿಲನ್ನು ನಿಯಮದಲ್ಲಿಯೇ ಇರಿಸಿದರೆ ಕಳೆದುಕೊಳ್ಳುವುದೇನು?

ನಮಗೆ ವೈದ್ಯರು ಹೆಚ್ಚಾಗಿದ್ದಾರೆಯೇ? 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜಿಲ್ಲೆಯ ರೋಗಿಗಳು ದಾರಿ ಕಾಣದೆ ಪ್ರಾಣ ಬಿಟ್ಟರು. ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. 50 ಸೀಟುಗಳಿಗೆ ಅನುಮತಿ ದೊರೆತದ್ದು 2025ರಲ್ಲಿ. ಒಂದು ಕಾಲೇಜಿನಲ್ಲಿ ಪಾಠ ಆರಂಭಿಸಲು ಹನ್ನೆರಡು ವರ್ಷ ತೆಗೆದುಕೊಂಡ ಆಡಳಿತ ವ್ಯವಸ್ಥೆಯು ನಮ್ಮ ಮಕ್ಕಳ ಆರು ತಿಂಗಳ ಕೊರತೆಯನ್ನು ಮಾತ್ರ ಸಹಿಸಲಾರದಂತೆ! ಇಲ್ಲಿ ಕಾಲೇಜಿದ್ದಿದ್ದರೆ ಆ ತೋಟದ ಪತ್ರ ಬ್ಯಾಂಕಿಗೆ ಹೋಗುತ್ತಿತ್ತೇ?

ನಾವು ದಯೆಯನ್ನು ಬೇಡುತ್ತಿಲ್ಲ. ಬೇಡವೆಂದವನಿಗೆ ಕಾರಣವನ್ನು ವಿವರವಾಗಿ ಬರೆದು ತಿಳಿಸಲಿ. ಕಡಮೆಯಾದ ತಿಂಗಳುಗಳನ್ನು ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಮೇಲ್ವಿಚಾರಣೆಯ ಕೆಳಗೆ ದುಡಿದು ತುಂಬಿಸಲು ಬಿಡಲಿ. ಹೊಸ ನಿಯಮವು ಆಗಲೇ ಹಾದಿ ಹಿಡಿದವರ ಕಾಲನ್ನು ತೊಡರಿಸದಿರಲಿ. ಇಷ್ಟಾದ ಮೇಲೂ ಪರೀಕ್ಷೆಯಲ್ಲಿ ಸೋತವನಿಗಾಗಿ ನಾವು ಒಂದಕ್ಷರವನ್ನೂ ಬರೆಯುವುದಿಲ್ಲ. ಪರೀಕ್ಷೆಗೆ ಕುಳಿತುಕೊಳ್ಳಲೂ ಬಿಡದೆ ಅನುತ್ತೀರ್ಣನೆಂದರೆ, ಅದನ್ನು ನಮ್ಮ ಒಂದನೆಯ ತರಗತಿಯ ಮಕ್ಕಳೂ ನ್ಯಾಯವೆನ್ನಲಾರರು.